ಊದುಬತ್ತಿ ಏಕಾಂತಯ್ಯನ ಗುಟ್ಟಿನ ಪುಸ್ತಕ

ನನ್ನಷ್ಟು ಎಚ್ಚರಿಕೆಯ ಮನುಷ್ಯ ಗೋವಿಂದರಾಜನಗರದಲ್ಲಿ ಇನ್ನೊಬ್ಬನಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು. ಎಪ್ಪತ್ತನಾಲ್ಕರ ಆಯುಧಪೂಜೆಯವರೆಗೆ ಅಂತಿಟ್ಟುಕೊಳ್ಳಿ.

ಹರಿಹರದಿಂದ ಬಂದು ಬಾಡಿಗೆ ಶೆಡ್ಡಿನಲ್ಲಿ ಊದುಬತ್ತಿ ಕಾರ್ಖಾನೆ ಹಾಕಿದ್ದೆ. ಕಾರ್ಖಾನೆ ಎಂದರೆ ಒಂದು ತಕ್ಕಡಿ, ಎರಡು ಬಾನಿ, ಬತ್ತಿ ಹೊಸೆಯುವ ಒಂಬತ್ತು ಹೆಂಗಸರು, ಮತ್ತು ಮಾಲೀಕನೆಂಬ ನಾನು. ಬತ್ತಿಗೆ ಹೆಂಡತಿ ಜಗದಾಂಬಾಳ ಹೆಸರಿಟ್ಟಿದ್ದೆ. ಅದರ ವಾಸನೆಗೆ ಹದಿನಾಲ್ಕು ಸಾಮಾನು, ಒಂದೊಂದಕ್ಕೂ ಒಂದೊಂದು ತೂಕ. ಎರಡು ವರ್ಷ ಸುಟ್ಟು, ಮೂಸಿ, ಸೀನಿ ಕಂಡುಹಿಡಿದ ಆ ಅಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ಬರೆದದ್ದನ್ನು ಮತ್ತೆ ಬಾಯಿಪಾಠ ಮಾಡುವುದು ದಡ್ಡರ ಕೆಲಸ ಎಂಬುದು ನನ್ನ ಸಿದ್ಧಾಂತವಾಗಿತ್ತು.

ಪುಸ್ತಕ ಕಳೆದುಹೋದರೆ? ಅದಕ್ಕೇ ನಕಲೊಂದನ್ನು ಮಾಡಿದ್ದೆ. ಅಸಲು ಶೆಡ್ಡಿನ ಕಬ್ಬಿಣದ ಪೆಟ್ಟಿಗೆಯಲ್ಲಿ, ನಕಲು ವಿಜಯನಗರದ ಮನೆಯ ಟ್ರಂಕಿನಲ್ಲಿ. ನಾವು ಗಂಡಹೆಂಡತಿ ಒಂದೇ ಬಸ್ಸು ಹತ್ತಿದರೂ ಆ ಎರಡು ಪುಸ್ತಕಗಳನ್ನು ಒಂದೇ ಸೂರಿನಡಿ ಇಡುತ್ತಿರಲಿಲ್ಲ. ಸಾಮಾನು ತೂಗುವಾಗ ಕೆಲಸದವರಿಗೆ ಬೆನ್ನು ಹಾಕಿ ಕೂರುತ್ತಿದ್ದೆ. ತೂಗಿದ್ದನ್ನೆಲ್ಲ ಒಂದು ತಟ್ಟೆಗೆ ಸುರಿದು, ತಿರುಗಿಯೂ ನೋಡದೆ "ತಗೋ ಹನುಮಕ್ಕ" ಎಂದು ಹಿಂದಕ್ಕೆ ತಳ್ಳುತ್ತಿದ್ದೆ. ಹೊಸಹಳ್ಳಿಯ ಹನುಮಕ್ಕ ಅದನ್ನು ಬಾನಿಯಲ್ಲಿ ಕಲಸುತ್ತಿದ್ದಳು.

ಆ ವರ್ಷ ಚಿಕ್ಕಪೇಟೆಯ ಶಂಭುಲಿಂಗಪ್ಪನವರು ದೀಪಾವಳಿಗೆ ನೂರು ಪೆಟ್ಟಿಗೆ ಕೇಳಿದ್ದರು. "ವಾಸನೆ ಒಂಚೂರು ಬದಲಾದ್ರೂ ಮಾಲು ವಾಪಸ್ ಕಳಿಸ್ತೀನಿ" ಎಂದಿದ್ದರು. ಮಾಲು ವಾಪಸ್ಸು ಬಂದರೆ ಶೆಡ್ಡಿಗೆ ಬೀಗ, ಹೆಂಗಸರಿಗೆ ಮನೆ, ನನಗೆ ಹರಿಹರ.

ಆಯುಧಪೂಜೆ ಬಂತು. ತಕ್ಕಡಿ, ಬಾನಿ, ಸೈಕಲ್ಲು ಎಲ್ಲಕ್ಕೂ ಕುಂಕುಮ ಹಚ್ಚಿ, ಅಸಲು ಪುಸ್ತಕವನ್ನು ಮಣೆಯ ಮೇಲಿಟ್ಟೆ. ಜಗದಾಂಬಾ ಮನೆಯಿಂದ ನಕಲನ್ನೂ ತಂದಿದ್ದಳು.

"ಅದನ್ಯಾಕೆ ತಂದೆ?"

"ಅನ್ನ ಕೊಡೋದು ಅದೂ ತಾನೇ? ಅದೊಂದಕ್ಕೆ ಯಾಕ್ರೀ ಪೂಜೆ ತಪ್ಪಿಸ್ತೀರಿ?"

ನ್ಯಾಯವಾದ ಮಾತು. ಲಕ್ಷ್ಮಿಯಲ್ಲಿ ಅಸಲು, ನಕಲು ಎಂದು ಭೇದ ಮಾಡಬಾರದು. ಎರಡನ್ನೂ ಜೊತೆಗಿಟ್ಟೆ. ಒಂದು ಬತ್ತಿ ಸಾಲದೆಂದು ಒಂದು ಹಿಡಿ ಕಟ್ಟನ್ನೇ ಹಚ್ಚಿ ಸಿಕ್ಕಿಸಿದೆ; ನೆರೆಯವರಿಗೂ ನನ್ನ ಮಾಲಿನ ಘಮ ತಿಳಿಯಲಿ ಎಂದು. ಆಮೇಲೆ ಪುಸ್ತಕಗಳನ್ನು ಯಾರಾದರೂ ಬಿಡಿಸಿ ನೋಡಿಯಾರೆಂದು ಶೆಡ್ಡಿಗೆ ಬೀಗ ಜಡಿದು, ಬೀದಿಯಲ್ಲಿ ಬೂದುಗುಂಬಳಕಾಯಿ ಒಡೆದು, ಮನೆಮನೆಗೆ ಕಡ್ಲೆಪುರಿ ಹಂಚಲು ಹೊರಟೆ.

ಕಟ್ಟಿನ ಕಿಡಿ ಮಣೆಗೆ ಹಾಸಿದ ಬಟ್ಟೆಗೆ ಬಿದ್ದಿರಬೇಕು. ಬಟ್ಟೆಯಿಂದ ಪುಸ್ತಕಕ್ಕೆ, ಪುಸ್ತಕದಿಂದ ಬಣ್ಣದ ಕಾಗದದ ತೋರಣಕ್ಕೆ. ಕಿಟಕಿಯಿಂದ ಹೊಗೆ ಬರುವುದನ್ನು ಇಡೀ ಬೀದಿ ನೋಡಿದೆ. ಆದರೆ ಊದುಬತ್ತಿ ಕಾರ್ಖಾನೆಯಲ್ಲಿ ಹೊಗೆ ಕಂಡರೆ ಯಾರು ಗಾಬರಿಯಾಗುತ್ತಾರೆ? "ಇವತ್ತು ಜೋರಾಗಿ ಪೂಜೆ ಮಾಡ್ತವ್ರೆ" ಎಂದುಕೊಂಡರಂತೆ. ನಾನು ಬಂದು ಬೀಗ ತೆಗೆಯುವಷ್ಟರಲ್ಲಿ ಎರಡೂ ಪುಸ್ತಕ ಬೂದಿಯಾಗಿದ್ದವು. ಅಲ್ಲಿದ್ದ ಮಿಕ್ಕ ವಸ್ತುಗಳಿಗೆ ಮಸಿ ಮೆತ್ತಿತ್ತು, ಅಷ್ಟೇ.

ಮೂರು ದಿನ ನೆನಪಿನ ಮೇಲೆ ತೂಗಿದೆ. ಒಂದು ಸಲ ಆಸ್ಪತ್ರೆಯ ವಾಸನೆ ಬಂತು, ಇನ್ನೊಂದು ಸಲ ಮಸಾಲೆ ಸಾರಿನದು. ನಾಲ್ಕನೆಯ ದಿನ ತಕ್ಕಡಿಯ ಮುಂದೆ ಕುಳಿತು ಅತ್ತೇಬಿಟ್ಟೆ. ಸುಳ್ಳೇಕೆ ಹೇಳಲಿ, ಹೆಂಗಸರೆಲ್ಲ ನೋಡುತ್ತಿದ್ದರು.

"ಏಳಿ ಅಯ್ನೋರೇ, ನಾನು ಹಾಕ್ತೀನಿ" ಎಂದಳು ಹನುಮಕ್ಕ. ತಕ್ಕಡಿಯನ್ನು ಮುಟ್ಟಲೇ ಇಲ್ಲ. ಡಬ್ಬಿಗಳಿಂದ ಹಿಡಿಹಿಡಿಯಾಗಿ, ಚಿಟಿಕೆಚಿಟಿಕೆಯಾಗಿ ತೆಗೆದು ಕಲಸಿದಳು. ಒಂದು ಬತ್ತಿ ಹೊಸೆದು, ಬಿಸಿಲಿಗಿಟ್ಟು, ಹಚ್ಚಿದಳು. ಅದೇ ಘಮ, ಒಂಚೂರೂ ಹೆಚ್ಚುಕಮ್ಮಿ ಇಲ್ಲ.

"ನಿನಗೆ ನನ್ನ ಅಳತೆ ಹೇಗೆ ಗೊತ್ತು?"

"ಆರು ವರ್ಷ ಈ ಕೈಲಿ ಕಲಸಿಲ್ವಾ? ಆದ್ರೆ ನಿಮ್ಮ ಅಳತೇಲಿ ಮಾಡಿದ್ರೆ ಬತ್ತಿ ಅರ್ಧಕ್ಕೇ ಆರೋಗೋದು. ನಾನು ಮೊದಲ್ನೇ ದಿನದಿಂದ್ಲೂ ಹಾಲುಮಡ್ಡಿ ಅಂಟು ಒಂದಿಷ್ಟು ಜಾಸ್ತಿ ಹಾಕ್ತಾ ಬಂದಿದೀನಿ."

ಅಂದರೆ ನಾನು ಎರಡು ಬೀಗ ಹಾಕಿ ಕಾದದ್ದು ಆರಿಹೋಗುವ ಬತ್ತಿಯ ಅಳತೆಯನ್ನು. ಆದರೂ ಬುದ್ಧಿ ಬರಬೇಕಲ್ಲ, ಓಡಿ ಹೋಗಿ ಪೆನ್ನು ತಂದೆ.

"ಬರ್ಕೋಬೇಡಿ. ಬರ್ಕೊಂಡ್ರೆ ನಾಳೆ ನಾನ್ಯಾಕೆ ಬೇಕು ನಿಮ್ಗೆ?"

ನಾಚಿಕೆಯಿಂದ ಪೆನ್ನು ಜೇಬಿಗೆ ಸೇರಿತು. ನನಗೆ ಅವಳ ಮೇಲಿದ್ದ ಅನುಮಾನವೇ ಅವಳಿಗೂ ನನ್ನ ಮೇಲಿತ್ತು, ಅದೂ ಹೆಚ್ಚು ನ್ಯಾಯವಾಗಿ. ಬರೆಯುವುದಿಲ್ಲ ಎಂದು ಮಾತು ಕೊಟ್ಟೆ. ಆದರೂ ಹಳೆಯ ಚಾಳಿ ಬಿಡುವುದುಂಟೇ?

"ಅಲ್ಲ ಹನುಮಕ್ಕ, ನಿನಗೇ ಏನಾದ್ರೂ ಆದ್ರೆ?"

ಅವಳು ಶಂಭುಲಿಂಗಪ್ಪನವರ ಮಾಲಿಗೆ ಹಿಟ್ಟು ನಾದುತ್ತಲೇ ಹೇಳಿದಳು: "ನಮ್ಮ ಲಿಂಗಮ್ಮಂಗೆ ಎಲ್ಲಾ ಕಲ್ಸಿದೀನಿ. ಕೆಂಗೇರಿಗೆ ಕೊಟ್ಟಿಲ್ವಾ, ಆ ಮಗಳು. ಹೋದ ಶ್ರಾವಣದಲ್ಲಿ ನಾನು ಜ್ವರ ಬಂದು ಮಲಗಿದ್ದಾಗ ಹದಿನೈದು ದಿನ ಇಲ್ಲಿ ಕಲಸಿದ್ದು ಅವಳೇ. ನೀವು ಅವಳನ್ನೂ ಹನುಮಕ್ಕ ಅಂತ್ಲೇ ಕರೀತಿದ್ರಿ."