ಮಂಡಿಯುದ್ದ ನೀರು

ದೊಡ್ಡಮಾದಯ್ಯ ಬೆಳಿಗ್ಗೆ ಮುಖ ತೊಳೆದ ಮೇಲೆ ವಿಭೂತಿಯನ್ನು ಮೊದಲು ತನ್ನ ಹಣೆಗೆ ಇಟ್ಟುಕೊಳ್ಳುವುದಿಲ್ಲ. ಮೂಲೆಯಲ್ಲಿ ನಿಲ್ಲಿಸಿದ ಅಳತೆಕೋಲಿಗೆ ಇಡುತ್ತಾನೆ. ಕೆಂಪು ಕಪ್ಪು ಅಂಕಿಗಳ ಆ ಕೋಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅಂಕಿಯಿಲ್ಲದ ತುದಿಗೆ ಮೂರು ಬೆರಳು ಎಳೆದು, ಬೆರಳಿನಲ್ಲಿ ಉಳಿದಷ್ಟು ಮಾತ್ರ ತನಗೆ. ಒಮ್ಮೆ ಜ್ವರ ಬಂದು ಏಳಲಾರದಿದ್ದಾಗ ಹೆಂಡತಿ ಕೋಲನ್ನು ಹಾಸಿಗೆಯ ಹತ್ತಿರಕ್ಕೇ ತಂದುಕೊಟ್ಟಿದ್ದಳು.

ಕೊಳ್ಳೇಗಾಲದ ಒಂದು ಸಣ್ಣ ಎಂಜಿನಿಯರಿಂಗ್ ಆಫೀಸಿನಲ್ಲಿ ಆ ಕೋಲು ಹಿಡಿದು ನಿಲ್ಲುವುದೇ ಇಪ್ಪತ್ತೆರಡು ವರ್ಷದಿಂದ ಅವನ ಕೆಲಸ. ದೂರದಲ್ಲಿ ಎಂಜಿನಿಯರು ಮೂರು ಕಾಲಿನ ಯಂತ್ರಕ್ಕೆ ಕಣ್ಣಿಟ್ಟು ಕೋಲಿನ ಅಂಕಿ ಓದಿದರೆ ನೆಲದ ಏರುತಗ್ಗು ತಿಳಿಯುತ್ತದೆ. ಆಫೀಸಿನಲ್ಲಿ ಕೋಲಿಗೆ ಸ್ಟಾಫ್ ಎನ್ನುತ್ತಾರೆ. "ನಾನೂವೆ ಸ್ಟಾಫು, ಇದೂವೆ ಸ್ಟಾಫು. ಇದು ಊಟ ಕೇಳಕಿಲ್ಲ, ಅಷ್ಟೇಯ" ಎಂದು ಅವನು ಹೊಸಬರಿಗೆಲ್ಲ ಹೇಳುತ್ತಾನೆ.

ಆ ಮಳೆಗಾಲ ಸುವರ್ಣಾವತಿ ಹೊಳೆ ಉಕ್ಕಿ ಅವನ ಊರು ಅಗರದ ಕೆಳಗಿನ ಬೀದಿಗೆ ನುಗ್ಗಿತು. ಅವನು ಆಗ ಶಾಗ್ಯದಲ್ಲಿ ಸರ್ವೆಗೆ ಹೋಗಿದ್ದ. ರಸ್ತೆ ತೆರೆದು ಊರು ಸೇರುವಷ್ಟರಲ್ಲಿ ನೀರು ಇಳಿದಿತ್ತು. ಅಕ್ಕ ಕೆಂಪಾಜಮ್ಮನ ಮನೆಯ ಹಿಂದಿನ ಅರ್ಧ ಕುಸಿದು, ಮುಂದಿನ ಕೋಣೆಯೊಂದು ಉಳಿದಿತ್ತು. ಬಿದ್ದ ಹನ್ನೆರಡು ಮನೆಗಳಿಗೆ ನಕ್ಷೆ ಬಿಟ್ಟಿಯಾಗಿ ಮಾಡಿಕೊಡುತ್ತೇವೆಂದು ಅವನ ಆಫೀಸು ಮುಂದೆ ಬಂತು. ನೀರು ಎಲ್ಲಿಯತನಕ ಏರಿತ್ತು ಎನ್ನುವುದು ಗೊತ್ತಾದರೆ ಹೊಸ ಬೇಸ್‌ಮೆಂಟನ್ನು ಅದಕ್ಕಿಂತ ಒಂದು ಗೇಣು ಮೇಲೆ ಕಟ್ಟಬಹುದು. ಆ ಲೆಕ್ಕ ತಪ್ಪಿದರೆ ಮುಂದಿನ ಮಳೆಗೂ ಅಕ್ಕ ಮಂಚದ ಮೇಲೆ ಮಂಚ ಹಾಕಿ ಕೂರಬೇಕಾದೀತು. ದೊಡ್ಡಮಾದಯ್ಯನಿಗೆ ಇದ್ದ ಕೊರಗು ಅದೊಂದೇ.

ಸರ್ವೆಗೆ ಅವನ ಜೊತೆ ಬಂದ ಎಂಜಿನಿಯರು ಮಾಲಿನಿ, ರಾಮಾಪುರದ ಹುಡುಗಿ. ಬಂದು ನೋಡಿದರೆ ಬೀದಿಗೆ ಬೀದಿಯೇ ಬೆಳ್ಳಗೆ ಹೊಳೆಯುತ್ತಿದೆ! ಹಿರಿಯರಿಗೆ ಎಡೆ ಇಡುವ ಹಬ್ಬವೆಂದು ನಿಂತ ಗೋಡೆಗಳಿಗೆಲ್ಲ ಸುಣ್ಣ ಬಳಿದಿದ್ದರು. ಕೆಸರಿನ ಗೆರೆ ಒಂದೂ ಉಳಿದಿರಲಿಲ್ಲ.

"ನಾಳೆ ನಕ್ಷೆ ಕೊಡಬೇಕು. ಸುಣ್ಣ ಹೊಡೆಯೋಕೆ ಮುಂಚೆ ಒಂದು ಗೆರೆ ಬಿಡಬಾರದಿತ್ತಾ?" ಎಂದಳು ಮಾಲಿನಿ.

"ಕೆಸರು ಮೆತ್ತಿದ ಮನೆಗೆ ನಮ್ ಮಾವ ಎಡೆ ಉಣ್ಣಕ್ಕೆ ಬಂದಾರಾ? ಬದುಕಿದ್ದಾಗ್ಲೇ ಬೋ ಶುದ್ಧ" ಎಂದಳು ಪಕ್ಕದ ಮನೆಯ ರತ್ನ.

"ಹೋಗಲಿ, ನೀರು ಎಷ್ಟು ಬಂದಿತ್ತು?"

"ಮಂಡಿ ಗಂಟ ಬಂದಿತ್ತು ಕಣವ್ವ."

ಎದುರುಮನೆಯ ಪುಟ್ಟಮಾದಪ್ಪನೂ ಮಂಡಿ ಗಂಟ ಎಂದ. ಅವನು ಬಾಗಿಲಿಗೆ ತಲೆ ಬಗ್ಗಿಸಿ ಬರುವ ಆಳು. ರತ್ನ ಅಟ್ಟಣಿಗೆಯ ಉಪ್ಪಿಗೆ ಮಣೆ ಹಾಕಿ ಹತ್ತುವವಳು. ಮಾಲಿನಿ ಪೆನ್ನು ಎತ್ತಿದಳು. "ಯಾರ ಮಂಡಿ ಬರೆದುಕೊಳ್ಳಲಿ?"

ದೊಡ್ಡಮಾದಯ್ಯ ಕೋಲನ್ನು ಪುಟ್ಟಮಾದಪ್ಪನ ಕಾಲಿಗೆ ಒತ್ತಿ ಹಿಡಿದ. ಐವತ್ತಾರು ಸೆಂಟಿಮೀಟರು. ರತ್ನ ಸೀರೆ ಅವುಚಿಕೊಂಡು ನಕ್ಕಳು. "ಅಯ್ಯೋ, ಅಣ್ಣನ ಕಣ್ಣಿಗೆ ನನ್ ಮಂಡಿ ಬ್ಯಾರೆ ಬೇಕಾ? ಓಗಣ್ಣ ಅತ್ಲಾಗೆ!" ಮಾಲಿನಿಯೇ ಸೀರೆಯ ಮೇಲಿಂದ ಟೇಪು ಹಿಡಿದಳು. ನಲವತ್ತೊಂದು.

ಕೆಂಪಾಜಮ್ಮನೂ ಅದನ್ನೇ ಹೇಳಿದಳು. ಮಂಡಿ. ದೊಡ್ಡಮಾದಯ್ಯನಿಗೆ ರೇಗಿತು. "ಅಕ್ಕೋ, ಮಂಡಿಯುದ್ದ ನೀರಿಗೆ ಗೋಡೆ ಬಿದ್ದದಾ? ನೆಟ್ಟಗೆ ಯೋಳು."

"ಲೇ ದೊಡ್ಮಾದ, ನೀರಿಳಿದ ಮೂರರ ದಿನ ಹೊಳೆಗೆ ಓಗಿ ಗಂಗವ್ವನ ಮಡಿಲು ತುಂಬಿಸಿ ಕಳಿಸಿವ್ನಿ ಕಣ್ಲಾ. ಮಡಿಲಕ್ಕಿ ಕಟ್ಟಿ ಕಳಿಸಿದ ಮಗಳ ಮ್ಯಾಲೆ ಆಮೇಕೆ ಚಾಡಿ ಯೋಳ್ತಾರಾ? ಅಷ್ಟು ಬಂದ್ಲು ಇಷ್ಟು ಬಂದ್ಲು ಅಂತ ಆಡ್ಕೊಂಡ್ರೆ, ಕೇಳಿಸ್ಕಂಡು ಇನ್ನೊಂದ್ ಕಿತ ಬತ್ತಾಳೆ."

ಬೀದಿಯ ಮಂಡಿಗಳೆಲ್ಲ ಏಕೆ ಒಂದೇ ಮಾತು ಆಡುತ್ತಿವೆ ಎಂದು ಆಗ ತಿಳಿಯಿತು. ಮಾಲಿನಿ ತಲೆಯ ಮೇಲೆ ಕೈ ಹೊತ್ತಳು. "ನಮ್ಮೂರಲ್ಲಿ ಹಳ್ಳಕ್ಕೆ ನೀರು ಬಂದರೆ ಊರಿಗೆಲ್ಲ ಸಾರುತ್ತೀವಿ. ಇಲ್ಲಿ ಮುಚ್ಚಿಡುತ್ತೀರಲ್ಲ!"

ಅಕ್ಕನ ನಂಬಿಕೆಯನ್ನು ನಗೆಮಾಡಲು ದೊಡ್ಡಮಾದಯ್ಯನಿಗೆ ಬಾಯಿ ಬರಲಿಲ್ಲ. ದಿನಾ ಕೋಲಿಗೆ ವಿಭೂತಿ ಇಡುವವನು ಅವನು. ಕೋಲು ಹಿಡಿದು ಬಾಗಿಲಲ್ಲಿ ಇಣುಕಿದ. ಮುಂದಿನ ಕೋಣೆಯ ಗೋಡೆಯಲ್ಲಿ, ತಾನು ಬೆಟ್ಟದಿಂದ ಅಕ್ಕನಿಗೆಂದು ತಂದುಕೊಟ್ಟಿದ್ದ, ಹುಲಿಯೇರಿ ಕೂತ ಮಾದಪ್ಪ ದೇವರ ಫೋಟೊ ಕಾಣಿಸಿತು. ಕೂತು ದೀಪ ಹಚ್ಚಲು ಕೈಗೆಟುಕುವಂತೆ ತಗ್ಗಿನಲ್ಲೇ ತೂಗುಹಾಕಿದ್ದಳು. ಸುತ್ತ ಸುಣ್ಣ ಬಳಿದಿದ್ದರೂ ಮೊಳೆಯಿಂದ ಅದನ್ನು ತೆಗೆದಿರಲಿಲ್ಲ.

"ಅಲ್ಲ ಅಕ್ಕ," ಎಂದ ಮೆತ್ತಗೆ, "ಗಂಗವ್ವ ಮನೆ ಒಳಕ್ಕೇ ಬಂದವಳು, ಮಾದಪ್ಪನಿಗೆ ಕೈ ಮುಗೀದೇನೆ ಓದ್ಲಾ?"

ಕೆಂಪಾಜಮ್ಮನ ಮುಖ ಅರಳಿತು. "ಮುಗೀದೇ ಓದಾಳಾ? ಸೀದಾ ಬಂದು ಹುಲಿ ಪಾದ ಮುಟ್ಟಿ, ಅಡ್ಡಬಿದ್ದು, ಹಂಗೇ ಹಿಂದಕ್ಕೆ ಓದ್ಲು! ನೋಡ್ಬಾ ಬೇಕಾರೆ."

ಮಾಲಿನಿ ಬಗ್ಗಿ ನೋಡಿದಳು. ಗಾಜಿನ ಒಳಗೆ ಕೆಸರು ನುಗ್ಗಿ ಒಣಗಿ, ಮಾದಪ್ಪನ ಹುಲಿಯ ಪಾದದ ಕೆಳಗೆ ದಾರ ಹಿಡಿದಂತೆ ನೆಟ್ಟಗೆ ಒಂದು ಕಂದು ಗೆರೆ ಎಳೆದಿತ್ತು. ಹೊರಗಿನಿಂದ ಎಷ್ಟು ಒರೆಸಿದರೂ ಹೋಗದ ಗೆರೆ. ದೊಡ್ಡಮಾದಯ್ಯ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕೋಲನ್ನು ಫೋಟೊದ ಪಕ್ಕ ನಿಲ್ಲಿಸಿದ. ನೂರಾ ಐದು. ಮೂರೂವರೆ ಅಡಿ.

"ಒಬ್ಬರದಲ್ಲ, ಇಬ್ಬರ ಮಂಡಿ!" ಎಂದಳು ಮಾಲಿನಿ.

"ಪುಟ್ಟಮಾದಪ್ಪಂದೊಂದು, ರತ್ನಂದೊಂದು, ಮ್ಯಾಲೆ ಒಂದು ಮುಷ್ಟಿ" ಎಂದ ದೊಡ್ಡಮಾದಯ್ಯ. ಬೀದಿ ಗೊಳ್ಳೆಂದಿತು. ಕೆಂಪಾಜಮ್ಮ ಮಾತ್ರ ಹೊಳೆಯ ಕಡೆ ತಿರುಗಿ, "ನಾ ಚಾಡಿ ಯೋಳ್ಲಿಲ್ಲ ಕಣವ್ವ, ನಿನ್ ಭಕ್ತಿ ಯೋಳ್ದೆ" ಎಂದು ಕೈಮುಗಿದಳು.

ಯಂತ್ರದಲ್ಲಿ ಮಟ್ಟ ಹಿಡಿದು ನೋಡಿ, ಹನ್ನೆರಡು ಮನೆಗಳಿಗೂ ಹುಲಿಯ ಪಾದವೇ ಲೆಕ್ಕವಾಯಿತು. ಯಂತ್ರ ಮಡಿಸಿ ಹೊರಟಾಗ ಮಾಲಿನಿ ಫೋಟೊ ನೋಡಿ ಹೇಳಿದಳು: "ದೊಡ್ಡಮಾದಯ್ಯನವರೇ, ಅದನ್ನು ಕೊಡಿ. ಕೊಳ್ಳೇಗಾಲದಲ್ಲಿ ಕಟ್ಟು ಬಿಚ್ಚಿಸಿ, ಕೆಸರು ತೆಗೆಸಿ, ಹೊಸ ಗಾಜು ಹಾಕಿಸಿ ತರುತ್ತೀನಿ. ಖರ್ಚು ನನ್ನದು."

ಅವನು ಕೋಲನ್ನು ಹೆಗಲಿಗೇರಿಸಿ ಅಕ್ಕನ ಮುಖ ನೋಡಿದ. ಆಮೇಲೆ ತಲೆಯಾಡಿಸಿದ.

"ಬ್ಯಾಡಿ ಮೇಡಂ. ನಿಮ್ ಮನಸು ದೊಡ್ಡದು. ಆದ್ರೆ ಆ ಕೆಸರು ಅಲ್ಲೇ ಇರ್ಲಿ. ಇನ್ನೊಬ್ರು ಎಂಜಿನಿಯರು ಬಂದಾಗ ನಮ್ ರತ್ನನ ಮಂಡಿ ಹುಡುಕೋದು ತಪ್ತದೆ."