ಏಲಕ್ಕಿ ಜಗಿಯುತ್ತಿದ್ದ ಕಾಂಪೌಂಡರ್

ಹೋದ ತಿಂಗಳು ಪಿತ್ತಕೋಶದ ಕಲ್ಲಿಗೆ ಆಪರೇಷನ್ ಮಾಡಿಸಿಕೊಂಡು ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದೆ. ಪಕ್ಕದ ಹಾಸಿಗೆಯವರನ್ನು ನೋಡಲು ಬಂದ ಯಾರೋ ಏಲಕ್ಕಿ ಸುಲಿದು ಬಾಯಿಗೆ ಹಾಕಿಕೊಂಡರು. ಪಾಪ, ಅವರದೇನೂ ತಪ್ಪಿಲ್ಲ. ಆದರೆ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಲಿಗೆಯ ನೋವನ್ನೂ ಮೀರಿ ಸಿಟ್ಟು ಬಂತು. ಹದಿನೈದು ವರ್ಷದ ಹಳೆಯ ಸಿಟ್ಟು ಅದು. ನಾನು ಪಾಯಸಕ್ಕೂ ಏಲಕ್ಕಿ ಹಾಕುವುದಿಲ್ಲ. ಯಾಕೆಂದು ನನ್ನ ಗಂಡನಿಗೂ ಹೇಳಿಲ್ಲ.

ನನ್ನ ತವರು ದೇವಲಾಪುರದ ಕಡೆಯ ಒಂದು ಹಳ್ಳಿ. ಅಲ್ಲಿ ಒಬ್ಬ ಕಾಂಪೌಂಡರ್ ಇದ್ದ. ಸತ್ತವರನ್ನು ಬೈಯಬಾರದು ಅಂತಾರೆ. ಅವನು ಸತ್ತು ಎರಡು ವರ್ಷವಾಯಿತು, ನಾನಿನ್ನೂ ಬೈಯುವುದನ್ನು ಬಿಟ್ಟಿಲ್ಲ. ನಾಗಮಂಗಲದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಅವನಿಗೆ ಕೆಲಸ. ಬೆಳಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಊರಿನ ನಾಲ್ಕು ಮನೆಗೆ ಹೋಗಿ ಸೂಜಿ ಚುಚ್ಚುತ್ತಿದ್ದ. ಸಂಜೆ ಬಂದು ಅರಳಿಕಟ್ಟೆಯ ಮೇಲೆ ಕೂತರೆ ಯಾರ ಹೊಟ್ಟೆಯಲ್ಲಿ ಏನಿದೆ, ಯಾರ ಸೊಸೆಗೆ ಬಸಿರು ಯಾಕೆ ನಿಲ್ಲುತ್ತಿಲ್ಲ, ಎಲ್ಲವನ್ನೂ ಬಿಚ್ಚಿಡುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಬಾಯಲ್ಲಿ ಸದಾ ಏಲಕ್ಕಿ. ನಮ್ಮೂರಲ್ಲಿ ಡಾಕ್ಟರಿಗಿಂತ ಅವನ ಮಾತಿಗೇ ತೂಕ ಜಾಸ್ತಿ.

ಅಪ್ಪ ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುತ್ತಿದ್ದರು. ಕ್ಯಾನಿನ ಮುಚ್ಚಳ ತೆಗೆದರೆ ಅವರದು ಮೊದಲು ಮೂಗು, ಆಮೇಲೆ ಲ್ಯಾಕ್ಟೋಮೀಟರು. ಹಿಂದಿನ ಹೊತ್ತಿನ ಹಾಲು ಬೆರೆತಿದ್ದರೆ ವಾಸನೆಯಲ್ಲೇ ಹಿಡಿಯುತ್ತಿದ್ದರು. "ಇದ್ರಲ್ಲಿ ನೆನ್ನೇದು ಸೇರ್ಕಂಡದೆ ಕಣವ್ವ, ಮನೇಲಿ ಮೊಸರ್ ಮಾಡ್ಕೊ" ಎಂದು ಪಕ್ಕದವರಿಗೆ ಕೇಳದ ಹಾಗೆ ಹೇಳಿ ವಾಪಸು ಕೊಡುತ್ತಿದ್ದರು. ಬೀಡಿಯಿಲ್ಲ, ಎಲೆಅಡಿಕೆಯಿಲ್ಲ, ಹೆಂಡವಂತೂ ದೂರದ ಮಾತು. ಮೂಗು ಕೆಡುತ್ತದೆ ಎನ್ನುತ್ತಿದ್ದರು.

ಅವರಿಗೆ ಹರ್ನಿಯಾ ಆಪರೇಷನ್ ಆಗಬೇಕೆಂದಾಗ ಮಂಡ್ಯದ ದೊಡ್ಡಾಸ್ಪತ್ರೆಗೆ ಹೋಗೋಣ ಎಂದೆ. ಅವ್ವ ಒಪ್ಪಲಿಲ್ಲ. "ನಾಗಮಂಗಲದಲ್ಲಿ ನಮ್ಮೂರೋನೇ ಅವ್ನೆ, ಚೆನ್ನಾಗ್ ನೋಡ್ಕತಾನೆ" ಅಂದಳು. ನಮ್ಮ ಕಡೆ ಆಸ್ಪತ್ರೆ ಆರಿಸುವುದೇ ಹಾಗೆ. ಡಾಕ್ಟರು ಯಾರೆಂದು ಕೇಳುವುದಿಲ್ಲ, ಒಳಗೆ ಗೊತ್ತಿರುವವರು ಯಾರಿದ್ದಾರೆ ಎಂದು ಕೇಳುತ್ತೇವೆ. ಆ ಗೊತ್ತಿರುವವನೇ ನಮ್ಮಪ್ಪನನ್ನು ಮುಗಿಸಿದ.

ಸೊಂಟಕ್ಕೆ ಕೊಟ್ಟ ಮರಗಟ್ಟಿಸುವ ಸೂಜಿಯ ಪ್ರಭಾವ ಇಳಿದ ಮೇಲೆ ಅಪ್ಪನಿಗೆ ನೋವು ಶುರುವಾಯಿತು. ಕಾಂಪೌಂಡರ್ ನೋವಿನ ಇಂಜೆಕ್ಷನ್ ಕೊಟ್ಟ. ಗಂಟೆ ಕಳೆದರೂ ಕಡಿಮೆಯಾಗಲಿಲ್ಲ. ಅಪ್ಪ ಟವೆಲ್ಲು ಕಚ್ಚಿಕೊಂಡು ಗೋಡೆಯ ಕಡೆ ತಿರುಗಿ ಮಲಗಿದ್ದರು, ಹಣೆಯ ಮೇಲೆ ಬೆವರು. ಅವನು ಇನ್ನೊಂದು ಕೊಟ್ಟ. ಅದೂ ನೀರು ಚುಚ್ಚಿದಂತಾಯಿತು. ಆಗ ಅವನು ಮಂಚದ ತುದಿಯಲ್ಲಿ ಕೂತು ಬಗ್ಗಿದ.

"ಅಣ್ಣ, ನನ್ ತಾವ ಏನ್ ಮುಚ್ಮರೆ? ದಿನಾ ಎಷ್ಟ್ ಕುಡೀತಿದ್ದೆ, ನಿಜ ಯೋಳು."

ಅಪ್ಪನಿಗೆ ಆ ನೋವಿನಲ್ಲಿ ಮಾತು ತಲೆಗೆ ಹೋಗಲಿಲ್ಲ. ಅರ್ಥವಾದ ಮೇಲೆ, "ಹಾಲು ಮಜ್ಗೆ ಬುಟ್ಟು ಬ್ಯಾರೆ ಮುಟ್ಟಿಲ್ಲ ಕಣ್ಲಾ" ಅಂದರು.

ಅವನು ನಕ್ಕು ಅವ್ವನ ಕಡೆ ತಿರುಗಿದ. "ಕುಡಿಯೋರ್ಗೇ ಕಣಕ್ಕ ಈ ಸೂಜಿ ಇಡಿಯಾಕಿಲ್ಲ. ಎಷ್ಟ್ ಜನಾನ್ ನೋಡಿವ್ನಿ. ಬಾಯಿಗೆ ಏಲಕ್ಕಿ ಆಕ್ಕಂಡ್ರೆ ಮನೆಯೋರ್ಗೆ ವಾಸ್ನೆ ಎಲ್ ಬಂದದು?"

ಏಲಕ್ಕಿ ಜಗಿಯುತ್ತಲೇ ಹೇಳಿದ. ಅವನ ಬಾಯಲ್ಲಿ ಅದು ಯಾತಕ್ಕಿತ್ತು ಅಂತ ಅವತ್ತು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ರೌಂಡ್ಸಿಗೆ ಬಂದ ಡಾಕ್ಟರಿಗೆ ನಾವು ಬಾಯಿ ಬಿಡುವ ಮುಂಚೆಯೇ ಕಿವಿಯಲ್ಲಿ ಹೇಳಿದ. ಡಾಕ್ಟರು ತಲೆಯಾಡಿಸಿ ಮುಂದೆ ಹೋದರು. ಆಮೇಲೆ ಬರೀ ಜ್ವರದ ಮಾತ್ರೆ. ಮೂರು ದಿನ ಅಪ್ಪ ಆ ಟವೆಲ್ಲನ್ನು ಕಚ್ಚಿ ಕಚ್ಚಿ... ಅಂಚೆಲ್ಲ ಎಳೆ ಬಿಟ್ಟಿತ್ತು.

ಹೊಲಿಗೆ ಬಿಚ್ಚುವ ಮೊದಲೇ ಸುದ್ದಿ ಊರು ಸೇರಿತ್ತು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ ಎಂದು ಗಾದೆಯಿದೆ. ನಮ್ಮಪ್ಪ ಆ ಮರದ ಹತ್ತಿರಕ್ಕೂ ಹೋದವರಲ್ಲ. ಆದರೂ ಅವ್ವ ಹುಲ್ಲಿನ ಮೆದೆ ತಡಕಿದಳು, ಟ್ರಂಕು ತಡಕಿದಳು, ಹಳೆಯ ಗೊಬ್ಬರದ ಚೀಲ ಕೊಡವಿದಳು. ಏನೂ ಸಿಗಲಿಲ್ಲ. ಸಿಗದೆ ಇದ್ದದ್ದೇ ಅವಳ ಅನುಮಾನವನ್ನು ಹೆಚ್ಚಿಸಿತು. ಒಂದು ಸಂಜೆ ಒಲೆಯ ಮುಂದೆ ಕೂತು ನನಗೆ ಹೇಳಿದಳು, "ನಿಮ್ಮಪ್ಪ ಬಂದಾಗ ಬಾಯ್ ತಾವ ಒಂದ್ಸಲ ಮೂಸ್ ನೋಡವ್ವ."

ನಾನಾಗ ಕೆ.ಆರ್. ಪೇಟೆಯಲ್ಲಿ ಬಿ.ಎಡ್. ಓದುತ್ತಿದ್ದೆ. ನಾಳೆ ಮಕ್ಕಳಿಗೆ ಬುದ್ಧಿ ಹೇಳಬೇಕಾದವಳು. ಕಾಫಿ ಲೋಟ ಕೊಡುವ ನೆಪದಲ್ಲಿ ಅಪ್ಪನ ಮುಖದ ಹತ್ತಿರ ಬಗ್ಗಿದೆ. ಮೂವತ್ತು ವರ್ಷ ಕ್ಯಾನು ಮೂಸಿದ ಮನುಷ್ಯನಿಗೆ ಮೂಸುವುದು ಗೊತ್ತಾಗದೆ ಇರುತ್ತದೆಯೇ? ಅವರು ಲೋಟ ಕೆಳಗಿಟ್ಟರು. ಬೈಯಲಿಲ್ಲ. "ಸರ್ಯಾಗಿ ನೋಡು ಮಗ" ಎಂದು ಬಾಯಿ ತೆರೆದರು.

ಏನೂ ವಾಸನೆ ಇರಲಿಲ್ಲ. ಅವ್ವನಿಗೆ ಹಾಗೇ ಹೇಳಿದೆ. "ಏಲಕ್ಕಿ ಆಕ್ಕಂಡಿರ್ಬೌದು" ಅಂದಳು. ಏಲಕ್ಕಿಯ ವಾಸನೆಯೂ ಇಲ್ಲ ಕಣವ್ವ ಎಂದು ಹೇಳಬಹುದಿತ್ತು... ಹೇಳಲಿಲ್ಲ. 

ಅಪ್ಪ ಡೈರಿಗೆ ವಾಪಸು ಹೋದ ವಾರವೇ ಹಾಲು ವಾಪಸಾದ ಹೆಂಗಸೊಬ್ಬಳು ಸಾಲಿನಲ್ಲಿ ನಿಂತು, "ಕುಡ್ದ ಮೂಗ್ಗೆ ಆಲಿನ್ ವಾಸ್ನೆ ಏನ್ ಗೊತ್ತಾದದು" ಅಂದಳಂತೆ. ಸಾಲೆಲ್ಲ ನಕ್ಕಿತಂತೆ. ಅವತ್ತೇ ಲ್ಯಾಕ್ಟೋಮೀಟರು ತೊಳೆದು ಒರೆಸಿ ಸೆಕ್ರೆಟರಿಯ ಕೈಗೆ ಕೊಟ್ಟು ಬಂದರು. ಆಮೇಲೆ ಅವರು ಯಾರಲ್ಲೂ ನೋವು ಎಂದು ಹೇಳಿಕೊಳ್ಳಲಿಲ್ಲ. ಕೊನೆಯ ವರ್ಷ ಬಿದ್ದು ಸೊಂಟದ ಮೂಳೆ ಮುರಿದಾಗಲೂ ಸೂಜಿ ಹಿಡಿದು ಬಂದ ನರ್ಸಿಗೆ "ಬ್ಯಾಡ ಬುಡವ್ವ, ತಡ್ಕತೀನಿ" ಅಂದರು. ತಡೆದುಕೊಂಡೇ ಹೋದರು. ಅವರ ತಿಥಿಗೆ ಕಾಂಪೌಂಡರೂ ಬಂದಿದ್ದ. ಎರಡು ಸಲ ಪಾಯಸ ಬಡಿಸಿಕೊಂಡು ತಿಂದ.

ಮೈಸೂರಿನಲ್ಲಿ ನನಗೂ ನೋವಿನ ಇಂಜೆಕ್ಷನ್ ಹಿಡಿಯಲಿಲ್ಲ. ನಾನು ಶ್ರೀರಂಗಪಟ್ಟಣದಲ್ಲಿ ಹೈಸ್ಕೂಲ್ ಟೀಚರು, ಹೆಂಗಸು ಬೇರೆ. ದಿನಾ ಎಷ್ಟು ಕುಡೀತೀರಿ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಅರಿವಳಿಕೆಯ ಡಾಕ್ಟರಮ್ಮ ಬಂದು ಕೂತು ಬಿಡಿಸಿ ಹೇಳಿದರು. ಅದು ಅಫೀಮಿನ ಜಾತಿಯ ಔಷಧಿಯಂತೆ. ಲಿವರು ಅದನ್ನು ಮಾರ್ಪಡಿಸಿದರೇನೇ ನೋವಿಗೆ ಸರಿಯಾಗಿ ನಾಟುತ್ತದಂತೆ. ಕೆಲವರ ಲಿವರಿಗೆ ಆ ಕೆಲಸ ಹುಟ್ಟಿನಿಂದಲೇ ಬರುವುದಿಲ್ಲ, ಅದು ವಂಶದಲ್ಲಿ ಬರುವ ಗುಣ. "ನಿಮ್ಮ ಮನೇಲಿ ಬೇರೆ ಯಾರಿಗಾದ್ರೂ ಹೀಗೆ ಆಗಿತ್ತಾ?" ಎಂದು ಕೇಳಿದರು.

"ನಮ್ಮಪ್ಪನಿಗೆ" ಅಂದೆ.

ಅವರಿಗೂ ಇದೇ ಇದ್ದಿರಬಹುದು, ಪರೀಕ್ಷೆ ಮಾಡದೆ ಖಚಿತವಾಗಿ ಹೇಳಲಾಗದು ಎಂದರು. ಔಷಧಿ ಬದಲಾಯಿಸಿದರು. ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ಅಷ್ಟೇ... ಅರ್ಧ ಗಂಟೆಯ ಕೆಲಸ.

ಅವ್ವ ಪಕ್ಕದ ಸ್ಟೂಲಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದಳು. ಡಾಕ್ಟರಮ್ಮ ಹೋದ ಮೇಲೆ ಸೆರಗಿನ ತುದಿ ಸುರುಳಿ ಸುತ್ತುತ್ತಾ ಕೇಳಿದಳು, "ಅಂಗಾರೆ ನಿಮ್ಮಪ್ಪ ಕುಡೀತಿರ್ನಿಲ್ವೇನವ್ವ?"

ಇಷ್ಟು ವರ್ಷ ಅವಳು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ಅವರ ಫೋಟೋಗೆ ಹೂವು ಏರಿಸುತ್ತಿದ್ದಳು. "ಇಲ್ಲ ಕಣವ್ವ" ಅಂದೆ.

ಡಿಸ್ಚಾರ್ಜಿನ ಕಾಗದದಲ್ಲಿ ಆ ಔಷಧಿಯ ಹೆಸರಿನ ಮುಂದೆ, ಇವರಿಗೆ ಇದು ಕೆಲಸ ಮಾಡುವುದಿಲ್ಲ, ತಂದೆಗೂ ಹೀಗೇ ಆಗಿತ್ತು ಎಂದು ಬರೆದಿದ್ದಾರೆ. ಅವ್ವ ಅದನ್ನು ಓದಿಸಿಕೊಂಡು, "ಒಂದ್ ಜೆರಾಕ್ಸ್ ಮಾಡ್ಸು, ಊರ್ಗ್ ತಗಂಡೋಯ್ತೀನಿ" ಅಂದಳು. ಯಾರಿಗೆ ತೋರಿಸ್ತೀಯ ಎಂದು ಕೇಳಿದೆ.  ಕಾಂಪೌಂಡರ್ ಇಲ್ಲ. ಡೈರಿಯ ಸಾಲಿನಲ್ಲಿ ಈಗ ನಿಲ್ಲುವವರಿಗೆ ಅಪ್ಪ ಯಾರೆಂದೇ ಗೊತ್ತಿಲ್ಲ. ಆದರೂ ಮಾಡಿಸಿದೆ, ಒಂದಲ್ಲ, ಎರಡು. ಒಂದು ಅವ್ವನಿಗೆ ಕೊಟ್ಟೆ, ಇನ್ನೊಂದು ನನ್ನ ಬೀರುವಿನಲ್ಲಿದೆ. ಕಾಂಪೌಂಡರನನ್ನು ಬೈಯಬೇಕೆನಿಸಿದಾಗ ತೆಗೆದು ನೋಡುತ್ತೇನೆ. ಬೈಗುಳ ಬಾಯಿಗೆ ಬರುವ ಮೊದಲೇ, ಅಪ್ಪ ಲೋಟ ಕೆಳಗಿಟ್ಟು ನನ್ನ ಮುಂದೆ ಬಾಯಿ ತೆರೆದು ನಿಲ್ಲುತ್ತಾರೆ.