ಚಿನ್ನುವಿನ ಮೊದಲ ವರ್ಷದ ಫೋಟೋಗಳು

ಅತ್ತಿಗೆ, ಚಿನ್ನುವಿನ ಮೊದಲ ವರ್ಷದ ಫೋಟೋಗಳನ್ನು ಅಳಿಸಿದ್ದು ನಾನು. ನೀವಲ್ಲ. ಅವಳೀಗ ಹೈಸ್ಕೂಲಿಗೆ ಹೋಗುತ್ತಾಳೆ — ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ.

ನಮ್ಮ ಮನೆಯಲ್ಲಿ ಫೋನು ಕೈಯಿಂದ ಕೈಗೆ ಇಳಿಯುತ್ತದೆ: ಅಣ್ಣ ಹೊಸದು ಕೊಂಡರೆ ಅವನದು ನಿಮಗೆ, ನಿಮ್ಮದು ನನಗೆ. ಹಾಗೆ ಬಂದ ಫೋನಿನಲ್ಲಿ ನಿಮ್ಮ ಅಕೌಂಟೂ ಉಳಿದಿತ್ತು. ತೆಗೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ಇಂದಿರಾನಗರದ ಮೆಟ್ರೋ ಸ್ಟೇಷನ್ನಿನಲ್ಲಿ ನಿಂತು, ಜಾಗ ಸಾಲದೆ, ಹಳೆಯ ಫೋಟೋಗಳನ್ನೆಲ್ಲ ಅಳಿಸಿ ಹಾಕಿದೆ. ಅತ್ತಿಗೆಯ ಫೋನಿನಲ್ಲಿ ಇವೆಯಲ್ಲ ಎಂದುಕೊಂಡೆ. ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆಂದು — ಗೊತ್ತಿರಲಿಲ್ಲ, ನಿಜ. ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಸಂಜೆ ಹಲಸೂರಿನ ಮನೆಗೆ ಬಂದರೆ ನೀವು ಫೋನು ಹಿಡಿದು ಅಳುತ್ತಿದ್ದಿರಿ. "ನೀನೇ ಏನೋ ಒತ್ತಿರ್ತೀಯ," ಎಂದು ಅಣ್ಣ ರೇಗಿದ. "ಇರ್ಬೇಕು ರೀ," ಎಂದಿರಿ ನೀವು. ಯಾರೋ ಒಳನುಗ್ಗಿರಬಹುದೆಂದು ಅವನು ಪಾಸ್‌ವರ್ಡನ್ನೂ ಬದಲಿಸಿದ. ಅಕೌಂಟು ನನ್ನ ಫೋನಿನಿಂದ ಕಳಚಿಕೊಂಡಿತು. ಆಫೀಸಿನ ಗೆಳತಿಯನ್ನು ಕೇಳಿದರೆ, "ಟ್ರ್ಯಾಶಲ್ಲಿ ಸ್ವಲ್ಪ ದಿನ ಇರತ್ತೆ ಕಣೇ. ಅವ್ರಿಗೆ ಹೇಳು, ವಾಪಸ್ ತೆಗೀಬಹುದು," ಎಂದಳು. ಒಂದು ಮಾತು ಸಾಕಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ... ಅಷ್ಟರಲ್ಲಿ ಟ್ರ್ಯಾಶೂ ಖಾಲಿಯಾಯಿತು. ಅವಧಿ ಮುಗಿಯಲೆಂದೇ ಕಾದೆನೇನೋ — ನನ್ನ ಮೇಲೆ ನನಗೆ ಈಗಲೂ ಆ ಅನುಮಾನ.

ನೀವು ಕೆ.ಆರ್. ಪುರದ ಚಿಕ್ಕಮ್ಮನಿಂದ ಹಿಡಿದು ಎದುರುಮನೆಯವರವರೆಗೆ, ವಾಟ್ಸಾಪಿನಲ್ಲಿ ಯಾರ್ಯಾರಿಗೆ ಫೋಟೋ ಕಳಿಸಿದ್ದಿರೋ ಅವರನ್ನೆಲ್ಲ ಕೇಳಿದಿರಿ. ಮಸುಕಾದ ಒಂದಷ್ಟು ಸಿಕ್ಕವು. ಚಿನ್ನು ಮೊದಲ ಸಲ ನಡೆದ ವಿಡಿಯೋ ಸಿಗಲಿಲ್ಲ. ಜೊತೆಗೆ ಕೂತು ಹುಡುಕಿದೆನೆಂದು ನನ್ನ ತಲೆ ಸವರಿದಿರಿ. ಕೆಲಸವಿಲ್ಲದೆ ನಿಮ್ಮ ಮನೆ ಸೇರಿದವಳನ್ನು ಒಂದು ದಿನವೂ ಹೊರಗಿನವಳೆನ್ನದೆ, ಚಪಾತಿ ಡಬ್ಬಿ ಕಟ್ಟಿ ಇಂಟರ್‌ವ್ಯೂಗಳಿಗೆ ಕಳಿಸಿದವರು ನೀವು. ಇವತ್ತು ನನ್ನ ಕಾಲಮೇಲೆ ನಾನು ನಿಂತಿದ್ದರೆ ಅದು ನಿಮ್ಮಿಂದ. ನಿಮ್ಮ ಋಣ ನೆನೆದರೆ ಕಣ್ಣು ತುಂಬುತ್ತದೆ.

ಕಳೆದ ವಾರ ನಿಮ್ಮ ಫೋನನ್ನು ನನ್ನ ಕೈಗಿಟ್ಟಿರಿ. "ಬ್ಯಾಕಪ್ ನೀನೇ ಮಾಡ್ಕೊಡಮ್ಮ. ನಿನ್ನಷ್ಟು ಹುಷಾರಾಗಿ ಇನ್ಯಾರು ಮಾಡ್ತಾರೆ."

ಮಾಡಿದ್ದೇನೆ. ಹಾರ್ಡ್‌ಡಿಸ್ಕಿಗೊಂದು ಪ್ರತಿ, ಪೆನ್‌ಡ್ರೈವಿಗೊಂದು. ಎರಡನ್ನೂ ತೆರೆದು ನೋಡಿದ್ದೇನೆ. ಭಾನುವಾರ ತಂದುಕೊಟ್ಟು, ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಅಣ್ಣನೂ ಅಲ್ಲೇ ಕೂತಿರಲಿ. ನಾನು ತಿನ್ನಬೇಕಾಗಿದ್ದ ಬೈಗುಳವನ್ನು ಅಂದು ನೀವು ತಿಂದಿರಿ. ಅದು ಅವನಿಗೂ ಗೊತ್ತಾಗಬೇಕು.